ಜ್ವರ ಇಳಿದ ಮೇಲೆ ಬರುವ ಜ್ವರ

ಘಟ್ಟದ ಮೇಲಿನ ನಮ್ಮ ಮನೆತನಗಳಲ್ಲಿ ಮಣಿಪಾಲದ ಹೆಸರು ಕೇಳದ ಹಿರಿಯರಿಲ್ಲ. ಶಿವಮೊಗ್ಗ, ದಾವಣಗೆರೆ ಸೀಮೆಗಳಲ್ಲಿ ಕಾಯಿಲೆ ಕೈಮೀರಿತೆಂದರೆ ಆಗುಂಬೆಯ ತಿರುವುಗಳನ್ನಿಳಿದು ಅಲ್ಲಿಗೆ ಹೋಗುವುದು ಬಹುಕಾಲದ ರೂಢಿ. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಅಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದಂದಿನಿಂದ ಎಷ್ಟು ತಾಯಂದಿರು ಮಡಿಲ ಮಕ್ಕಳನ್ನು ಅಪ್ಪಿಕೊಂಡು ಆ ಗುಡ್ಡ ಏರಿದರೋ! ನಾವೂ ಕೆಲವು ಭಕ್ತರ ಜೊತೆಗೆ ಅಲ್ಲಿನ ಬೆಂಚುಗಳ ಮೇಲೆ ರಾತ್ರಿ ಕಳೆದವರೆ.

ಕಾಪುವಿನಲ್ಲಿ ವ್ಯಾಪಾರ ಮಾಡಿಕೊಂಡು ನೆಲೆಸಿರುವ ನಮ್ಮ ಪರಿಚಯದ ಮನೆಯೊಂದಿದೆ. 2021ರ ಮೇ ತಿಂಗಳಲ್ಲಿ ಆ ಮನೆಯ ಹಿರಿಯರೆಲ್ಲರಿಗೂ ಕೊರೊನಾ ತಗುಲಿ, ದೈವಕೃಪೆಯಿಂದ ಎಲ್ಲರೂ ಗುಣಮುಖರಾದರು. ಎಂಟು ವರ್ಷದ ಮೊಮ್ಮಗನಿಗೆ ಮಾತ್ರ ಒಂದು ಕೆಮ್ಮೂ ಬರಲಿಲ್ಲ. ಜೂನ್ ತಿಂಗಳಲ್ಲಿ ಹುಡುಗ ಕಾರ್ಕಳದ ಸೋದರಮಾವನ ಮನೆಗೆ ಹೋಗಿದ್ದಾಗ ಜ್ವರ ಬಂದಿತು. ಕಣ್ಣು ಕೆಂಪಾದವು, ಹೊಟ್ಟೆನೋವು, ವಾಂತಿ. ಹಲಸಿನ ಹಣ್ಣು ಹೆಚ್ಚಾಯಿತೆಂದು ಒಬ್ಬರು, ದೃಷ್ಟಿಯೆಂದು ಇನ್ನೊಬ್ಬರು. ನಾಲ್ಕನೆಯ ದಿನ ಮಗು ತಾಯಿಯ ಮುಖವನ್ನೇ ನೋಡುತ್ತ, ಆಕೆ ಯಾರೆಂದು ತಿಳಿಯದೆ ಅಳತೊಡಗಿದಾಗ ಮನೆಯವರ ಎದೆ ಒಡೆಯಿತು. ಅಂದೇ ಮಣಿಪಾಲಕ್ಕೆ ಒಯ್ದರು.

ವೈದ್ಯರು ಮೊದಲು ಕೇಳಿದ್ದು ಹೊಟ್ಟೆಯ ವಿಷಯವನ್ನಲ್ಲ. "ಅಜ್ಜಿ, ಹಿಂದಿನ ಆರು ವಾರಗಳಲ್ಲಿ ಮನೆಯಲ್ಲಿ ಯಾರಿಗಾದರೂ ಜ್ವರ ಬಂದಿತ್ತೆ? ಯಾವ ತಾರೀಖು?" ಅಜ್ಜಿಗೆ ತಾರೀಖು ನೆನಪಿರಲಿಲ್ಲ. "ಅದು ಹೋಗಿ ತಿಂಗಳಾಯಿತಲ್ಲ ಡಾಕ್ಟರೆ, ಇದಕ್ಕೂ ಅದಕ್ಕೂ ಏನು ಸಂಬಂಧ?" ಎಂದರಂತೆ.

ಸಂಬಂಧವಿದೆ. ನಮ್ಮ ಶರೀರದಲ್ಲಿ ರೋಗವನ್ನು ತಡೆಯುವ ಕಾವಲು ಪಡೆಯೊಂದಿದೆ. ಕೆಲವು ಮಕ್ಕಳಲ್ಲಿ, ಕಳ್ಳ ಓಡಿಹೋದ ಎರಡರಿಂದ ಆರು ವಾರಗಳ ಮೇಲೆ, ಆ ಕಾವಲುಗಾರನೇ ಬಡಿಗೆ ಹಿಡಿದು ಮನೆಯವರನ್ನು ಬಡಿಯತೊಡಗುತ್ತಾನೆ. ಹೃದಯ, ರಕ್ತನಾಳ, ಕರುಳು, ಚರ್ಮ ಎಲ್ಲವೂ ಉರಿಯೂತಕ್ಕೆ ಈಡಾಗುತ್ತವೆ. 2020ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ವೈದ್ಯರು ಈ ಬಗ್ಗೆ ಮೊದಲು ಎಚ್ಚರಿಸಿದರು. ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದರ ಲಕ್ಷಣಗಳನ್ನು ಗೊತ್ತುಪಡಿಸಿತು. ಎಂಐಎಸ್-ಸಿ ಎಂಬುದು ಇದರ ಹೆಸರು. ಮೆದುಳು, ನರಗಳಿಗೂ ಈ ಉರಿ ತಾಗಿದರೆ ತೀವ್ರ ತಲೆನೋವು, ವಿಪರೀತ ಹಠ, ಮಂಪರು, ಗೊಂದಲ, ಅಪಸ್ಮಾರ, ಕೈಕಾಲಿನ ಬಲಹೀನತೆ ಕಾಣಿಸಬಹುದು. ರಕ್ತನಾಳದ ಮೂಲಕ ಇಮ್ಯುನೊಗ್ಲಾಬ್ಯುಲಿನ್ ಮತ್ತು ಸ್ಟೀರಾಯ್ಡ್ ಕೊಟ್ಟು ಚಿಕಿತ್ಸೆ ಮಾಡುತ್ತಾರೆ. ಬೇಗ ಬಂದ ಮಕ್ಕಳಲ್ಲಿ ಬಹುಪಾಲು ಗುಣವಾಗುತ್ತಾರೆ. 2022ರ ನಂತರ ಈ ಕಾಯಿಲೆ ಬಹಳ ವಿರಳವಾಗಿದೆ ಎಂಬುದು ಸಮಾಧಾನದ ಮಾತು.

ಇದಕ್ಕಿಂತ ಕ್ರೂರವಾದ ರೂಪವೂ ಉಂಟು. 2021ರ ಜೂನ್‌ನಲ್ಲಿಯೇ ದಾವಣಗೆರೆಯಲ್ಲಿ 13 ವರ್ಷದ ಬಾಲಕನೊಬ್ಬನಿಗೆ ಕೊರೊನಾದ ಬೆನ್ನಿಗೆ ಮೆದುಳಿನ ಭಾಗಗಳೇ ಹಾಳಾಗುವ ಅನೆಕ್ ಎಂಬ ಕಾಯಿಲೆ ಬಂದದ್ದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ಜಪಾನಿನ ವೈದ್ಯರು 1990ರ ದಶಕದಲ್ಲಿ ವಿವರಿಸಿದ ಈ ಕಾಯಿಲೆ ಇನ್‌ಫ್ಲುಯೆಂಜಾದ ಬೆನ್ನಿಗೂ ಬರಬಲ್ಲುದು.

ಆದರೆ ನಮ್ಮ ಮನೆಗಳಲ್ಲಿ ಹೆಚ್ಚು ಹೇಳಬೇಕಾದದ್ದು ದಡಾರದ ವಿಷಯ. ಅಮ್ಮ ಬಂದಿದ್ದಾಳೆಂದು ಬೇವಿನ ಸೊಪ್ಪು ಕಟ್ಟಿ ಕಳುಹಿಸಿಕೊಟ್ಟೆವು, ಮುಗಿಯಿತು ಎಂದುಕೊಳ್ಳುತ್ತೇವೆ. ಕೆಲವೊಮ್ಮೆ ಮುಗಿದಿರುವುದಿಲ್ಲ. ದಡಾರದ ವೈರಾಣು ಅಪರೂಪಕ್ಕೆ ಮೆದುಳಿನಲ್ಲಿ ಅಡಗಿ ಕುಳಿತು, ಆರೆಂಟು ವರ್ಷಗಳ ಮೇಲೆ ತಲೆಯೆತ್ತುತ್ತದೆ. ಚುರುಕಾಗಿದ್ದ ಮಗು ಓದಿನಲ್ಲಿ ಹಿಂದೆ ಬೀಳುತ್ತದೆ, ಕೈಯಲ್ಲಿನ ಲೋಟ ಜಾರುತ್ತದೆ, ಮೈ ಆಗಾಗ ಬೆಚ್ಚಿಬಿದ್ದಂತೆ ಜಗ್ಗುತ್ತದೆ. ಸೋಮಾರಿ ಎಂದು ಗುರುಗಳು ಗದರಿಸುತ್ತಾರೆ! ಎಸ್‌ಎಸ್‌ಪಿಇ ಎಂಬ ಈ ರೋಗವನ್ನು ಗುಣಪಡಿಸುವ ಔಷಧಿ ಇಂದಿಗೂ ಇಲ್ಲ. ಎರಡು ವರ್ಷ ತುಂಬುವ ಮುನ್ನ ದಡಾರ ಬಂದ ಮಕ್ಕಳಿಗೆ ಅಪಾಯ ಹೆಚ್ಚು. ತಡೆಯುವ ಲಸಿಕೆ ಮಾತ್ರ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ: 9ರಿಂದ 12 ತಿಂಗಳೊಳಗೆ ಒಮ್ಮೆ, 16ರಿಂದ 24 ತಿಂಗಳೊಳಗೆ ಮತ್ತೊಮ್ಮೆ. ಎರಡನೆಯದನ್ನು ಮರೆಯುವ ಮನೆಗಳನ್ನು ನಾವೇ ಕಂಡಿದ್ದೇವೆ.

ಮಗುವಿನ ಹಣೆಗೆ ವಿಭೂತಿ ಹಚ್ಚುವುದನ್ನು ನಾವು ಬೇಡವೆನ್ನುವುದಿಲ್ಲ. ಹಚ್ಚಿದ ಕೈಯಲ್ಲೇ ಎತ್ತಿಕೊಂಡು ಹೊರಡಬೇಕು. ಮೂರು ದಿನವಾದರೂ ಇಳಿಯದ ಜ್ವರದೊಡನೆ ಮಂಪರು ಕವಿದರೆ, ಮಾತು ತೊದಲಿದರೆ, ಕಾಲಿನ ಬಲ ಕುಂದಿದರೆ ಬೆಳಗಾಗಲೆಂದು ಕಾಯಬಾರದು. ಅಪಸ್ಮಾರ ಬಂದಾಗ ಕೈಗೆ ಬೀಗದ ಕೈ ಕೊಡುವುದು, ಬಾಯಿಗೆ ಚಮಚ ತುರುಕುವುದು ನಿಲ್ಲಲಿ. ಮಗ್ಗುಲಾಗಿ ಮಲಗಿಸಿ, ಎಷ್ಟು ಹೊತ್ತು ಇತ್ತೆಂದು ಗಡಿಯಾರ ನೋಡಿಕೊಂಡರೆ ವೈದ್ಯರಿಗೆ ಉಪಕಾರ. ಮನೆಯಲ್ಲಿದ್ದ ಆಸ್ಪಿರಿನ್ ಗುಳಿಗೆಯನ್ನು ಮಕ್ಕಳ ಜ್ವರಕ್ಕೆ ತಾವಾಗಿ ಕೊಡಲೇಬಾರದು. ವೈರಾಣು ಜ್ವರದಲ್ಲಿ ಅದು ಯಕೃತ್ತಿಗೂ ಮೆದುಳಿಗೂ ಕೇಡು ತಂದ ಉದಾಹರಣೆಗಳಿವೆ. ಎಂಐಎಸ್-ಸಿಯಲ್ಲಿ ವೈದ್ಯರೇ ಅದನ್ನು ಕೊಡುವುದು ಬೇರೆಯ ಲೆಕ್ಕ.

ಕಾಪುವಿನ ಹುಡುಗ ಕೆಲವು ದಿನಗಳಲ್ಲಿ ತಾಯಿಯನ್ನು ಗುರುತಿಸಿದ, ಮನೆಗೂ ಬಂದ. ಆದರೆ ದೀಪಾವಳಿಯವರೆಗೂ ಅವನ ಅಕ್ಷರ ನಡುಗುತ್ತಿತ್ತು, ಮಗ್ಗಿ ನಡುವೆ ತಪ್ಪುತ್ತಿತ್ತು. ಗದರಿಸಬೇಡಿರೆಂದು ಅಜ್ಜಿ ಶಾಲೆಗೇ ಹೋಗಿ ಹೇಳಿ ಬಂದರು. ಈಗ ಅವನು ಹೈಸ್ಕೂಲಿನ ಹುಡುಗ. ಆ ಮನೆಯ ದೇವರ ಕೋಣೆಯ ಪಕ್ಕದಲ್ಲಿ ತೂಗುಹಾಕಿದ ಕ್ಯಾಲೆಂಡರಿನಲ್ಲಿ, ಹಬ್ಬ ಹುಣ್ಣಿಮೆಗಳ ನಡುವೆ, ಯಾರಿಗೆ ಯಾವ ದಿನ ಜ್ವರ ಬಂತು, ಯಾವ ದಿನ ಇಳಿಯಿತು ಎಂದು ಅಜ್ಜಿ ಪೆನ್ಸಿಲಿನಲ್ಲಿ ಬರೆದಿಡುತ್ತಾರೆ.