ಕೇಳಿಸದ ಮಾತು: ತಪ್ಪು ಯಾರದು?

ನಾಟಕದ ಜೀವವು ಮಾತಿನಲ್ಲಿದೆ. ವೇಷಭೂಷಣ, ದೃಶ್ಯವೈಭವ, ಸಂಗೀತಗಳು ಎಷ್ಟೇ ಸೊಗಸಾಗಿದ್ದರೂ ಪಾತ್ರಧಾರಿಯ ಮಾತು ಕಿವಿಗೆ ತಲುಪದಿದ್ದರೆ ಪ್ರೇಕ್ಷಕನು ಕಥೆಯಿಂದ ಹೊರಗುಳಿಯುತ್ತಾನೆ. 2014ರ ಏಪ್ರಿಲ್ ತಿಂಗಳಿನಲ್ಲಿ ಬ್ರಿಟನ್ನಿನಲ್ಲಿ ಇಂತಹದೇ ಪ್ರಸಂಗವೊಂದು ನಡೆಯಿತು. ಡ್ಯಾಫ್ನಿ ಡು ಮೋರಿಯೆ ಎಂಬ ಲೇಖಕಿಯ ಕಾದಂಬರಿಯನ್ನು ಆಧರಿಸಿದ ‘ಜಮೈಕಾ ಇನ್’ ಎಂಬ ನಾಟಕವನ್ನು ಬಿ.ಬಿ.ಸಿ. ಸಂಸ್ಥೆಯು ಟೆಲಿವಿಷನ್ನಿನಲ್ಲಿ ಮೂರು ಕಂತುಗಳಾಗಿ ಪ್ರಸಾರ ಮಾಡಿತು. ಪಾತ್ರಗಳು ಗೊಣಗುತ್ತವೆ, ಮಾತು ತಿಳಿಯುವುದಿಲ್ಲ ಎಂದು ಎರಡು ಸಾವಿರಕ್ಕೂ ಹೆಚ್ಚು ದೂರುಗಳು ಬಂದವು. ಸಂಸ್ಥೆಯು ಕ್ಷಮೆ ಕೋರಿತು. 2017ರಲ್ಲಿ ‘ಎಸ್.ಎಸ್.-ಜಿ.ಬಿ.’ ಎಂಬ ನಾಟಕದ ವಿಷಯದಲ್ಲಿಯೂ ಇದೇ ಆಕ್ಷೇಪಣೆ ಕೇಳಿಬಂದಿತು. ಹಾಗಾದರೆ ತಪ್ಪು ಯಾರದು?

ಜನರು ಮೊದಲು ದೂರುವುದು ನಟನನ್ನು. ರಂಗಭೂಮಿಯ ನಟನು ಕೊನೆಯ ಸಾಲಿನವರಿಗೂ ಕೇಳಿಸುವಂತೆ ನುಡಿಯಬೇಕು. ಕ್ಯಾಮೆರಾದ ಮುಂದಿನ ನಟನಿಗಾದರೋ ಮೈಕ್ರೊಫೋನು ಸಮೀಪದಲ್ಲಿಯೇ ಇರುತ್ತದೆ. ಆದುದರಿಂದ ನಿತ್ಯಜೀವನದಂತೆ ಮೆಲ್ಲನೆ ಮಾತನಾಡುವುದು ಸಹಜಾಭಿನಯವೆನಿಸಿಕೊಂಡಿದೆ. ಮೆಲುದನಿಯನ್ನು ಯಂತ್ರದಿಂದ ಹೆಚ್ಚಿಸಬಹುದು. ಆದರೆ ನುಂಗಿದ ಅಕ್ಷರವನ್ನು ಯಾವ ಯಂತ್ರವೂ ಹೊರತೆಗೆಯಲಾರದು.

ಅಕ್ಷರದ ಮಹತ್ತ್ವವನ್ನು ನಮ್ಮ ಭಾಷೆಯಿಂದಲೇ ತಿಳಿಯಬಹುದು. ಕಾಡು, ನಾಡು, ಹಾಡು, ಬಾಡು - ಈ ಪದಗಳಲ್ಲಿ ಸ್ವರಗಳೆಲ್ಲ ಒಂದೇ. ಮೊದಲ ವ್ಯಂಜನವೊಂದೇ ಅರ್ಥವನ್ನು ಬದಲಿಸುತ್ತದೆ. ಮಾತಿಗೆ ಬಲವನ್ನು ಕೊಡುವುದು ಸ್ವರ. ಅರ್ಥವನ್ನು ಬೇರ್ಪಡಿಸುವುದು ಬಹುಮಟ್ಟಿಗೆ ವ್ಯಂಜನ. ಸ, ಶ, ತ ಮುಂತಾದ ವ್ಯಂಜನಗಳ ಶಬ್ದವು ಕ್ಷೀಣವಾದುದು. ಅದರ ಹೆಚ್ಚಿನ ಪಾಲು ಸೆಕೆಂಡಿಗೆ 2000ಕ್ಕಿಂತ ಮಿಗಿಲಾದ ಕಂಪನಗಳಲ್ಲಿರುತ್ತದೆ. ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ಇಂತಹ ಉಚ್ಚ ಕಂಪನಗಳ ಶಬ್ದಗಳನ್ನೇ. “ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ” ಎಂದು ಮನೆಯ ಹಿರಿಯರು ಹೇಳಿದರೆ ನಗಬಾರದು. ಅದು ಅಕ್ಷರಶಃ ಸತ್ಯ.

ಇನ್ನು ಧ್ವನಿಮಿಶ್ರಣ ಮಾಡುವವರ ಪಾಲೂ ಇದೆ. ಅವರು ನಿಶ್ಶಬ್ದವಾದ ಕೋಣೆಯಲ್ಲಿ, ಉತ್ತಮ ಧ್ವನಿವರ್ಧಕಗಳ ಮುಂದೆ ಕುಳಿತು, ಒಂದೇ ಸಂಭಾಷಣೆಯನ್ನು ಹಲವು ಬಾರಿ ಕೇಳಿರುತ್ತಾರೆ. ಮಾತು ಮೊದಲೇ ತಿಳಿದಿರುವುದರಿಂದ ಅದು ಸಂಗೀತದಲ್ಲಿ ಮುಳುಗಿದರೂ ಅವರಿಗೆ ಸ್ಪಷ್ಟವಾಗಿಯೇ ತೋರುತ್ತದೆ. ಅದೇ ಮಾತನ್ನು ಮನೆಯಲ್ಲಿ ಕೇಳುವವರ ಸ್ಥಿತಿ ಬೇರೆ. ಅಲ್ಲಿ ಫ್ಯಾನಿನ ಸದ್ದು, ಪಾತ್ರೆಗಳ ಸದ್ದು, ಬೀದಿಯ ಸದ್ದು! ಹಿಂದಿನ ಟೆಲಿವಿಷನ್ ಪೆಟ್ಟಿಗೆಗಳು ದಪ್ಪವಾಗಿದ್ದವು. ಹಲವುಗಳಲ್ಲಿ ಧ್ವನಿವರ್ಧಕವು ಮುಂಭಾಗದಲ್ಲಿಯೇ ಇರುತ್ತಿತ್ತು. ಇಂದಿನ ತೆಳುವಾದ ಟೆಲಿವಿಷನ್‌ಗಳಲ್ಲಿ ಪುಟ್ಟ ಧ್ವನಿವರ್ಧಕಗಳು ಸಾಮಾನ್ಯವಾಗಿ ಕೆಳಕ್ಕೋ ಹಿಂದಕ್ಕೋ ಮುಖಮಾಡಿರುತ್ತವೆ. ಚಿತ್ರವು ನಿಚ್ಚಳವಾಯಿತು, ಮಾತು ಮಸುಕಾಯಿತು.

ಹೀಗೆ ನಟ, ನಿರ್ದೇಶಕ, ಧ್ವನಿತಂತ್ರಜ್ಞ, ಟೆಲಿವಿಷನ್ ತಯಾರಕ ಇವರೆಲ್ಲರೂ ತಪ್ಪಿನಲ್ಲಿ ಪಾಲುದಾರರು. ಆದರೂ ದೃಶ್ಯವನ್ನು ಒಪ್ಪುವ ಮಾತು ನಿರ್ದೇಶಕನದಾದುದರಿಂದ ಅವನ ಹೊಣೆಯೇ ದೊಡ್ಡದು. ಕಥೆಯನ್ನು ಅರಿಯದ ಒಬ್ಬರನ್ನು ಸಾಧಾರಣ ಟೆಲಿವಿಷನ್ನಿನ ಮುಂದೆ ಕೂರಿಸಿ, ಮಾತು ತಿಳಿಯಿತೇ ಎಂದು ಕೇಳಿದರೆ ಎಷ್ಟೋ ದೋಷಗಳು ಮೊದಲೇ ಬಯಲಾಗುತ್ತವೆ.

ಪರಿಹಾರದ ಯತ್ನಗಳೂ ನಡೆದಿವೆ. ಕಿವಿ ಕೇಳಿಸದವರಿಗಾಗಿ ಬಿ.ಬಿ.ಸಿ.ಯು 1979ರಲ್ಲಿಯೇ ತೆರೆಯ ಮೇಲೆ ಸಂಭಾಷಣೆಯನ್ನು ಬರಹದಲ್ಲಿ ತೋರಿಸತೊಡಗಿತು. 2019ರಲ್ಲಿ ‘ಕ್ಯಾಶುಯಲ್ಟಿ’ ಧಾರಾವಾಹಿಯ ಒಂದು ಕಂತಿನಲ್ಲಿ, ಹಿನ್ನೆಲೆಯ ಸದ್ದನ್ನು ಪ್ರೇಕ್ಷಕನೇ ತಗ್ಗಿಸಿಕೊಳ್ಳುವ ಪ್ರಯೋಗವನ್ನು ನಡೆಸಿತು. ಇವು ಸ್ವಾಗತಾರ್ಹವೇ. ಆದರೆ ಸ್ಪಷ್ಟವಾದ ಉಚ್ಚಾರಣೆಗೆ ಇವು ಬದಲಿಯಾಗಲಾರವು. ವೇದಿಕೆಯ ಮೇಲಾಗಲಿ, ತರಗತಿಯಲ್ಲಾಗಲಿ, ಮಾತನಾಡುವವನು ಕೇಳುವವನ ಕಿವಿಯನ್ನು ಮರೆಯಬಾರದು.