ಎದೆ ಢವಢವ: ಹೃದಯವೋ, ಹೆದರಿಕೆಯೋ?

ಹಾಸನ: 2025ರ ಜೂನ್, ಜುಲೈ ನೆನಪಿದೆಯಲ್ಲ? ಸಾಲುಸಾಲು ಹೃದಯಾಘಾತದ ಸುದ್ದಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಬಸ್ಸು, ಅಂಗಡಿಗಳಲ್ಲೂ ಅದೇ ಮಾತು. ಗಾಬರಿಬಿದ್ದ ಜನ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಕ್ಯೂ ನಿಂತರು. 24 ಸಾವು ಪರಿಶೀಲಿಸಿದ ಸರ್ಕಾರದ ತಜ್ಞರ ಸಮಿತಿ, ನಾಲ್ಕಕ್ಕೆ ಹೃದಯ ಕಾರಣವಲ್ಲ, ಅಸಹಜ ಏರಿಕೆಯೂ ಇಲ್ಲ ಎಂದಿತು.

ಆದರೆ ಹೆದರಿಕೆ ಸುಳ್ಳಲ್ಲ ಸ್ವಾಮಿ. ಗಾಬರಿಯಾದರೆ ಎದೆ ಹೊಡೆದುಕೊಳ್ಳುತ್ತೆ, ಏದುಸಿರು ಬರುತ್ತೆ, ಬೆರಳು ಜುಮ್ಮೆನ್ನುತ್ತೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಏರಿ, ಆಮೇಲೆ ತಾನೇ ಇಳಿಯುತ್ತೆ. ಕೂತು, ಉಸಿರು ನಿಧಾನಕ್ಕೆ ಬಿಡಿ.

ಮೊದಲ ಸಲವಾದರೆ ಮಾತ್ರ ನೀವೇ ತೀರ್ಮಾನಿಸಬೇಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಎದೆ ಹಿಂಡಿ ನೋವು ತೋಳಿಗೆ, ದವಡೆಗೆ ಹರಿದರೆ ತಡ ಬೇಡ, 108 ಕರೆಯಿರಿ. ಹೃದಯ ಸರಿಯಿದೆ ಅಂದ ಮೇಲೂ ಗಾಬರಿ ಮರುಕಳಿಸಿದರೆ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಕಾಸು ಕೊಡಬೇಕಿಲ್ಲ, ನಾಚಿಕೆಯೂ ಬೇಡ.