ಕೆತ್ತದೆ ಉಳಿಸಿದ ಮಳೆ: ಜಪಾನಿನ ನದಿ ಚಿತ್ರ ತಯಾರಾಗುತ್ತಿದ್ದುದು ಹೀಗೆ

ಜೋರು ಮಳೆ. ಮರದ ಸೇತುವೆ ಮೇಲೆ ಜನ ಕೊಡೆ ಹಿಡಿದು, ಚಾಪೆ ಹೊದ್ದು ಓಡ್ತಿದ್ದಾರೆ. ಕೆಳಗೆ ಸುಮಿದಾ ನದಿಯಲ್ಲಿ ಒಬ್ಬನೇ ಒಬ್ಬ ತೆಪ್ಪ ನಡೆಸ್ತಿದ್ದಾನೆ. ಜಪಾನಿನ ಕಲಾವಿದ ಹಿರೋಶಿಗೆ 1857ರಲ್ಲಿ ಮಾಡಿದ ಈ ಚಿತ್ರ ಇವತ್ತು ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲಿದೆ. ಆದರೆ ಆಗ ಇದು ಎದೋ ನಗರದ, ಅಂದರೆ ಈಗಿನ ಟೋಕಿಯೋದ ಅಂಗಡಿಗಳಲ್ಲಿ ಮಾರುವ ಸರಕು. ಒಂದು ಹಾಳೆಯ ಬೆಲೆ ಹೆಚ್ಚು ಕಮ್ಮಿ ಒಂದು ಬಟ್ಟಲು ನೂಡಲ್ಸ್‌ನಷ್ಟು!

ಇಷ್ಟು ಅಗ್ಗಕ್ಕೆ ಹೇಗೆ ಕೊಡ್ತಿದ್ದರು? ಇದು ಕೈಯಲ್ಲಿ ಒಂದೊಂದಾಗಿ ಬರೆದ ಚಿತ್ರವಲ್ಲ, ಮರದ ಅಚ್ಚಿನಿಂದ ಒತ್ತಿದ್ದು. ಬಂಡವಾಳ ಹಾಕೋನು ಪ್ರಕಾಶಕ. ಈ ಚಿತ್ರಕ್ಕೆ ಹಣ ಹೂಡಿದವನು ಉಓಯಾ ಏಕಿಚಿ. ಯಾವ ಚಿತ್ರ ಓಡುತ್ತೆ, ಯಾವುದು ಓಡಲ್ಲ ಅನ್ನೋ ಲೆಕ್ಕ ಅವನದೇ, ನಷ್ಟವೂ ಅವನದೇ.

ಹಿರೋಶಿಗೆ ತೆಳು ಕಾಗದದ ಮೇಲೆ ಬರೆದು ಕೊಟ್ಟರೆ ಅವನ ಕೆಲಸ ಬಹುಪಾಲು ಮುಗೀತು. ಕೆತ್ತನೆಗಾರ ಆ ಕಾಗದವನ್ನು ಚೆರ್ರಿ ಮರದ ಹಲಗೆಗೆ ಮಗುಚಿ ಅಂಟಿಸಿ, ಗೆರೆಗಳನ್ನು ಮಾತ್ರ ಬಿಟ್ಟು ಸುತ್ತಲಿನ ಮರವನ್ನೆಲ್ಲ ತೆಗೀತಿದ್ದ. ಅಂದರೆ ಇಲ್ಲಿ ಕಾಣುವ ಮಳೆಯ ಒಂದೊಂದು ಗೆರೆಯೂ ಕೆತ್ತಿದ್ದಲ್ಲ, ಕೆತ್ತದೆ ಉಳಿಸಿದ್ದು. ಕೂದಲೆಳೆಯಷ್ಟು ಸಣ್ಣ, ಉದ್ದ ಏಣು. ಉಳಿ ಒಂದಿಷ್ಟು ಜಾರಿದರೆ ಆ ಮಳೆ ಗೆರೆ ಮುರಿದೇ ಹೋಯ್ತು. ಕಪ್ಪು ಗೆರೆಗೆ ಒಂದು ಅಚ್ಚು, ಆಮೇಲೆ ಬಣ್ಣಗಳಿಗೆ ಬೇರೆ ಬೇರೆ ಅಚ್ಚು. ಪ್ರತಿ ಅಚ್ಚಿನಲ್ಲೂ ಹಾಳೆ ಒಂದೇ ಜಾಗದಲ್ಲಿ ಕೂರಲಿ ಅಂತ ಮೂಲೆಯಲ್ಲೊಂದು, ಅಂಚಿನಲ್ಲೊಂದು ಗುರುತಿನ ಕಚ್ಚು ಇರುತ್ತಿತ್ತು.

ಇನ್ನು ಮುದ್ರಣಗಾರನ ಪಾಳಿ. ಒದ್ದೆ ಮಾಡಿದ ಹಾಳೆಯನ್ನು ಅಚ್ಚಿನ ಮೇಲಿಟ್ಟು, ಬಿದಿರು ಸಿಪ್ಪೆ ಸುತ್ತಿದ ದುಂಡನೆಯ ಒತ್ತುಗೆಯಿಂದ ಹಿಂಬದಿ ಉಜ್ಜಬೇಕು. ಯಂತ್ರ ಇಲ್ಲ. ನದಿಯ ನೀಲಿ ಒಂದು ಕಡೆ ಗಾಢ, ಇನ್ನೊಂದು ಕಡೆ ತಿಳಿಯಾಗಿದೆಯಲ್ಲ, ಅದು ಅಚ್ಚಿನಲ್ಲಿ ಬರೋದಲ್ಲ. ಪ್ರತಿ ಹಾಳೆಗೂ ಹಲಗೆ ಮೇಲಿನ ಬಣ್ಣವನ್ನು ನೀರಿನಿಂದ ತೇಲಿಸಿ ತಿಳಿ ಮಾಡಬೇಕು. ಅದಕ್ಕೇ ಒಂದು ಪ್ರತಿಯ ಮೋಡ ಇನ್ನೊಂದರಲ್ಲಿ ಇದ್ದಂಗೆ ಇರೋದಿಲ್ಲ.

ಆ ನೀಲಿಯೂ ಹೊರಗಿನದು. ಜರ್ಮನಿಯ ಬರ್ಲಿನ್‌ನಲ್ಲಿ ಹುಟ್ಟಿದ ಪ್ರಷ್ಯನ್ ನೀಲಿ 1830ರ ಸುಮಾರಿಗೆ ಜಪಾನಿನಲ್ಲಿ ಅಗ್ಗವಾಯ್ತು. ನದಿ, ಸಮುದ್ರದ ಚಿತ್ರಗಳು ಅಷ್ಟೊಂದು ಬರಲು ಇದೂ ಒಂದು ಕಾರಣ.

ಹೀಗೆ ನಾಲ್ಕು ಕಡೆಯವರ ದುಡಿಮೆ ಸೇರಿದ್ದರೂ ಹೆಸರು ನಡೆಯುತ್ತಿರುವುದು ಹಿರೋಶಿಗೆ ಒಬ್ಬನದೇ. 1887ರಲ್ಲಿ ಪ್ಯಾರಿಸ್‌ನಲ್ಲಿದ್ದ ವ್ಯಾನ್ ಗೋ ಇದೇ ಚಿತ್ರವನ್ನು ಎಣ್ಣೆ ಬಣ್ಣದಲ್ಲಿ ನಕಲು ಮಾಡಿದ. ಕುಂಚ ಹಿಡಿದವನಿಗೆ ಮಳೆ ಬರೆಯುವುದು ಸಲೀಸು, ಮೇಲೆ ಗೀರಿದರಾಯ್ತು. ಆ ಕೆತ್ತನೆಗಾರನಿಗೆ ಮಾತ್ರ ಆ ಸಲೀಸು ಇರಲಿಲ್ಲ.